ರಂಗ್ ದೇ: ದುಡ್ಡು ಹಾಕೋ ಮೊದಲು ಓದಿ

ಕ್ರೌಡ್‌ಫಂಡಿಂಗ್ ಅಂದರೆ ಆಸ್ಪತ್ರೆ ಬಿಲ್ಲಿಗಾಗಿ ವಾಟ್ಸಾಪ್‌ನಲ್ಲಿ ಬರುವ ಲಿಂಕ್ ಅಷ್ಟೇ ಅಂದುಕೊಂಡವರು ಈ ತಾಣ ಒಮ್ಮೆ ನೋಡಿ. 2008ರಲ್ಲಿ ಶುರುವಾದ ನಮ್ಮ ಬೆಂಗಳೂರಿನದೇ ಸಂಸ್ಥೆ. ಇಲ್ಲಿ ಕೊಡುವುದು ದಾನ ಅಲ್ಲ, ಸಾಲ. ರೈತರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರದ ಹೆಂಗಸರು ಯಾತಕ್ಕೆ ದುಡ್ಡು ಕೇಳಿದ್ದಾರೆ ಅಂತ ಓದಿ, ನಮಗೆ ಸರಿ ಅನಿಸಿದವರಿಗೆ ಕೊಡಬಹುದು. ಒಬ್ಬರ ಸಾಲಕ್ಕೆ ಹಲವರು ಸೇರಿ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಊರಿನ ಚೀಟಿಯ ಹಾಗೆ, ಆದರೆ ಮುಖ ಪರಿಚಯ ಇಲ್ಲದವರ ಜೊತೆ.

ಅಮೆರಿಕದ ಕೀವಾ ಎಂಬ ಇಂಥದ್ದೇ ತಾಣದಲ್ಲೂ ಸಣ್ಣ ಮೊತ್ತದ ಸಾಲ ಕೊಡಬಹುದು, ಆದರೆ ಕೊಟ್ಟವರಿಗೆ ಬಡ್ಡಿ ಸೊನ್ನೆ. ಇಲ್ಲಿ ಸ್ವಲ್ಪ ಬಡ್ಡಿ ಸಿಗುತ್ತದೆ. ಜಾಸ್ತಿ ಆಸೆ ಬೇಡ.

ನನಗೆ ಧೈರ್ಯ ಕೊಟ್ಟದ್ದು ರಿಸರ್ವ್ ಬ್ಯಾಂಕಿನ ಪಿ2ಪಿ ಲೈಸೆನ್ಸ್, ಅಂದರೆ ಜನರಿಂದ ಜನರಿಗೆ ನೇರವಾಗಿ ಸಾಲ ಕೊಡಿಸುವ ತಾಣಗಳಿಗೆ ಕೊಡುವ ಪರವಾನಗಿ. ನಮ್ಮ ದುಡ್ಡು ಕಂಪನಿಯ ಜೇಬಿಗೆ ಹೋಗುವುದಿಲ್ಲ, ಎಸ್ಕ್ರೋ ಖಾತೆಯ (ಕಂಪನಿ ತನಗೆ ಬಳಸಿಕೊಳ್ಳಲಾಗದ ಪ್ರತ್ಯೇಕ ಬ್ಯಾಂಕ್ ಖಾತೆ) ಮೂಲಕವೇ ಸಾಲಗಾರರಿಗೆ ತಲುಪಬೇಕು, ಒಬ್ಬರಿಗೆ ನಾವು ಕೊಡಬಹುದಾದದ್ದು ಹೆಚ್ಚೆಂದರೆ 50,000 ರೂಪಾಯಿ, ಸಾಲದ ಅವಧಿಯೂ 36 ತಿಂಗಳು ಮೀರುವಂತಿಲ್ಲ. ಆದರೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ದುಡ್ಡಿಗೆ ಗ್ಯಾರಂಟಿ ಇದೆ ಅಂತಲ್ಲ! ಮಳೆ ಕೈಕೊಟ್ಟು ಸಾಲ ತೀರದೆ ಹೋದರೆ ನಷ್ಟ ನಮ್ಮದೇ, ಅಡಮಾನವೂ ಇಲ್ಲ. ಸಾಲ ಆದ್ದರಿಂದ ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿಯೂ ಸಿಗಲ್ಲ, ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಮಕ್ಕಳ ಫೀಸಿಗೆ ಇಟ್ಟ ದುಡ್ಡನ್ನು ಇಲ್ಲಿ ಹಾಕಬೇಡಿ. ಎಫ್‌ಡಿ ಬಡ್ಡಿಯ ಜೊತೆ ಹೋಲಿಸುವವರಿಗೆ ಇದು ಸುಮ್ನೆ ತಲೆನೋವು. ಸಣ್ಣ ಮೊತ್ತ ಹಾಕಿ, ಬಂದ ಕಂತನ್ನು ಮತ್ತೊಬ್ಬರಿಗೆ ಕೊಡುವ ಮನಸ್ಸಿದ್ದರೆ, ಖಂಡಿತ ಹಾಕಿ.