ಮೆಣಸಿನಕಾಯಿ ಹೊಲದ ಎಂಟು ಸೆನ್ಸರ್, ಮೂರು ಬಗೆಯ ಗಡಿಯಾರ

ಕುಂದಗೋಳದ ಹತ್ತಿರ ನಮ್ಮ ಕಾಕಾನ ಎರೆ ಹೊಲದಲ್ಲಿ ಮಣ್ಣಿನ ತೇವ ನೋಡಲು ಎಂಟು ಸೆನ್ಸರ್ ನೆಟ್ಟಿದ್ದೇನೆ. ಮೊದಲ ದಿನವೇ ಕಾಕಾ ಕೇಳಿದರು, "ತಮ್ಮಾ, ಇದರ ಸೆಲ್ ಎಷ್ಟ್ ದಿನಾ ಬರ್ತಾವ?"

ಉತ್ತರ ಇರುವುದು ಗಡಿಯಾರದಲ್ಲಿ. ಎಂಟೂ ಸೆನ್ಸರ್ ಕಾಲು ತಾಸಿಗೊಮ್ಮೆ ಒಟ್ಟಿಗೆ ಎದ್ದು, ಮಾಹಿತಿ ದಾಟಿಸಿ, ಮತ್ತೆ ಮಲಗಬೇಕು. ಒಂದು ತಡ ಮಾಡಿದರೆ ಉಳಿದವು ರೇಡಿಯೊ ಹಚ್ಚಿಕೊಂಡು ಕಾಯುತ್ತವೆ. ಸೆಲ್ ಖಾಲಿಯಾಗುವುದು ಹೀಗೆ ಕಾಯುವಾಗಲೇ.

ಒಳಗೆ ಸಮಯ ಎಣಿಸುವುದು ಸಾದಾ 32.768 ಕಿಲೋಹರ್ಟ್ಸ್ ಕ್ರಿಸ್ಟಲ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಸಲ ಮಿಡಿಯುವ ಹರಳು. ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಯಿತು. ಮೇಲೆ ಬಿಸಿಲು ಬೇರೆ. ಇದು 25 ಡಿಗ್ರಿ ಆಸುಪಾಸು ಚೆನ್ನಾಗಿ ನಡೆಯುತ್ತದೆ. ಕಾದರೂ ನಿಧಾನ, ತಣ್ಣಗಾದರೂ ನಿಧಾನ. ಮಧ್ಯಾಹ್ನ ಬದುವಿನ ಮೇಲಿನ ಡಬ್ಬಿ 45 ಡಿಗ್ರಿ, ಬೇವಿನ ಗಿಡದ ಕೆಳಗಿನದು 30. ಅಷ್ಟಕ್ಕೇ ಇವೆರಡರ ನಡುವೆ ತಾಸಿಗೆ ಸುಮಾರು 45 ಮಿಲಿಸೆಕೆಂಡ್ ಅಂತರ ಬೀಳುತ್ತದೆ.

ಮೊದಲು ಡಿಎಸ್3231 ಎಂಬ ಗಡಿಯಾರದ ಚಿಪ್ ಹಾಕಿದೆ. ಬಿಸಿ ಅಳೆದು ತಾನೇ ತಿದ್ದಿಕೊಳ್ಳುತ್ತದೆ. 40 ಡಿಗ್ರಿವರೆಗೆ ತಪ್ಪು ಹತ್ತು ಲಕ್ಷಕ್ಕೆ 2 ಅಷ್ಟೇ. ಜೋಡಿಸುವುದೂ ಸುಲಭ. ಆದರೆ ಒಂದರ ತಪ್ಪು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ? ಹದಿನೈದು ದಿನಕ್ಕೆ ಎರಡು ಡಬ್ಬಿಗಳ ನಡುವೆ ಒಂದೂವರೆ ಸೆಕೆಂಡ್ ಬಂತು.

ಆಮೇಲೆ 2003ರ ಟಿಪಿಎಸ್‌ಎನ್, ಅಂದರೆ ಸೆನ್ಸರ್‌ಗಳು ಒಂದಕ್ಕೊಂದು ಸಂದೇಶ ಕಳಿಸಿ ಸಮಯ ಹೊಂದಿಸಿಕೊಳ್ಳುವ ಒಂದು ಕ್ರಮ. ಕೆಳಗಿನ ಸೆನ್ಸರ್ (ಮಗು) ಸಮಯ ಕೇಳುತ್ತದೆ, ಮೇಲಿನದು (ತಾಯಿ) ಹೇಳುತ್ತದೆ. ಹೋಗುವ ಬರುವ ತಡ ಒಂದಕ್ಕೊಂದು ವಜಾ ಆಗುತ್ತದೆ. ಲೆಕ್ಕ ಚೊಕ್ಕ. ಆದರೆ ಒಂದೊಂದು ಮಗುವಿಗೂ ಪ್ರತಿ ಸುತ್ತೂ ಎರಡು ಸಂದೇಶ. ಇಲಿ ಒಂದು ಸೆನ್ಸರಿನ ವೈರ್ ಕಡಿದ ದಿನ ಅದರ ಕೆಳಗಿನ ಮೂರೂ ಸಮಯ ತಪ್ಪಿದವು.

ಕೊನೆಗೆ ನಾನು ಉಳಿಸಿಕೊಂಡದ್ದು ಎಫ್‌ಟಿಎಸ್‌ಪಿ ಎಂಬ ಇನ್ನೊಂದು ಸಮಯ ಹೊಂದಿಸುವ ಕ್ರಮ. 2004ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಮಾಡಿದ್ದು. ಒಂದು ಸೆನ್ಸರ್ ಸಮಯ ಕೂಗುತ್ತದೆ, ಕೇಳಿದವು ಮುಂದೆ ಕೂಗುತ್ತವೆ. ಸಂದೇಶ ರೇಡಿಯೊದಿಂದ ಹೊರಡುವ ಕ್ಷಣದಲ್ಲೇ ಸಮಯ ಬರೆಯುವುದರಿಂದ, ಸರದಿಗೆ ಕಾದ ತಡ ಲೆಕ್ಕಕ್ಕೆ ಸೇರುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಕೊನೆಯ ಎಂಟು ಸಮಯ ಇಟ್ಟುಕೊಂಡು, ಅವುಗಳ ಮೇಲೆ ಒಂದು ಗೆರೆ ಎಳೆದು, ತಾನು ಎಷ್ಟು ನಿಧಾನ ಅಂತ ಪ್ರತಿಯೊಂದೂ ಕಲಿಯುತ್ತದೆ. ಮೊದಲು ಕೂಗುವ ಸೆನ್ಸರ್ ಸತ್ತರೆ ಇನ್ನೊಂದು ಆ ಕೆಲಸ ವಹಿಸಿಕೊಳ್ಳುತ್ತದೆ.

ಕೊರತೆ ಇದೆ. ಮೋಡ ಸರಿದು ಥಟ್ಟನೆ ಬಿಸಿಲು ಬಿದ್ದರೆ ಹಳೆಯ ಗೆರೆ ಸುಳ್ಳಾಗುತ್ತದೆ. ತಾಸಿಗೊಮ್ಮೆ ಕೂಗಿಸಿದಾಗ ಇದು ಎದ್ದು ಕಂಡಿತು. ಕಾಲು ತಾಸಿಗೆ ಇಳಿಸಿದ ಮೇಲೆ ಅಂತರ ಹತ್ತು ಮಿಲಿಸೆಕೆಂಡಿನೊಳಗೇ ನಿಂತಿದೆ.

ಸೀಗಿ ಹುಣ್ಣಿಮೆಗೆ ಹಾಕಿದ ಸೆಲ್‌ಗಳು ಕಾಯಿ ಬಿಡಿಸಿ ಮುಗಿಯುವ ತನಕ ಬಂದವು. ಕಾಕಾಗೆ ಹೇಳಿದ್ದೇನೆ.