ಕರಾವಳಿ ಮನೆಯಲ್ಲಿ ರೆಕಾರ್ಡು ಎಲ್ಲಿಡುವುದು: ಸ್ಟೀಲ್ ಕಪಾಟು, ಕ್ರೇಟು, ಹಲಸಿನ ರ‍್ಯಾಕು, ಗೋಡೆ

ಗ್ರಾಮೋಫೋನ್ ರೆಕಾರ್ಡುಗಳನ್ನು ಹೇಗೆ ಇಡಬೇಕು ಎಂದು ಹುಡುಕಿದರೆ ಸಿಗುವ ಸಲಹೆಗಳೆಲ್ಲ ಒಣ ಊರಿನವು. ತೇವಾಂಶ 35ರಿಂದ 50 ಪರ್ಸೆಂಟ್ ಇರಲಿ, ಉಷ್ಣತೆ 20 ಡಿಗ್ರಿ ಆಸುಪಾಸು ಇರಲಿ ಅನ್ನುತ್ತಾರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಜುಲೈಯಲ್ಲಿ ನಮ್ಮ ಕೋಡಿಬಾಗದ ಮನೆಯೊಳಗೆ ತೇವಾಂಶದ ಮೀಟರು 85ಕ್ಕಿಂತ ಕೆಳಗೆ ಇಳಿದರೆ ಆವತ್ತು ಹಬ್ಬ. ಬೂಷ್ಟು ಬೆಳೆಯಲು 70 ಇದ್ದರೂ ಸಾಕು. ಹಾಗಾಗಿ ಇಲ್ಲಿ ಮೊದಲು ಬೂಷ್ಟಿನ ವಿಚಾರ, ಚೆಂದದ ವಿಚಾರ ಆಮೇಲೆ.

ನಮ್ಮಲ್ಲಿರುವುದು ಮೂರು ಥರದ ಮಾಲು. ಸೋದರಮಾವ ಬಿಟ್ಟುಹೋದ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಹಳೆಯ ಪ್ಲೇಟುಗಳು ಒಂದಿಷ್ಟು. ಅವು ಅರಗಿನವು. ಆಮೇಲೆ ಎಲ್.ಪಿ.ಗಳು, ಅಂದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹನ್ನೆರಡು ಇಂಚಿನ ಪ್ಲೇಟುಗಳು: ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಜೊತೆಗೆ ಕಾರವಾರದ ಹಳೆ ಮನೆಗಳಲ್ಲಿ ಇದ್ದೇ ಇರುತ್ತಿದ್ದ ಮರಾಠಿ ನಾಟ್ಯಸಂಗೀತ. ಕೊನೆಗೆ ಇ.ಪಿ.ಗಳು, ಅಂದರೆ ಕನ್ನಡ ಸಿನಿಮಾ ಹಾಡಿನ ಏಳು ಇಂಚಿನ ಸಣ್ಣ ಪ್ಲೇಟುಗಳು. ಈ ಮೂರಕ್ಕೂ ಒಂದೇ ಜಾಗ ಸರಿಹೋಗುತ್ತದೆ ಅನ್ನುವವರ ಮಾತು ನಾನು ಈಗ ನಂಬುವುದಿಲ್ಲ.

ತೂಕದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಕವರು ಸಮೇತ ಒಂದು ಎಲ್.ಪಿ. 200ರಿಂದ 250 ಗ್ರಾಂ ತೂಗುತ್ತದೆ. ನೂರು ಸೇರಿದರೆ 20ರಿಂದ 25 ಕಿಲೋ, ಅಂದರೆ ಒಂದು ಅಕ್ಕಿ ಮೂಟೆ. ಪುಸ್ತಕದ ಶೆಲ್ಫು ತಡೆಯುತ್ತದೆ ಅಂದುಕೊಂಡು ತುಂಬಿದರೆ ಹಲಗೆ ನಡುವೆ ಬಾಗುತ್ತದೆ.

ಸ್ಟೀಲ್ ಕಪಾಟು ಎಲ್ಲರ ಮೊದಲ ಆಯ್ಕೆ. ಒರಲೆ ಹತ್ತುವುದಿಲ್ಲ, ಇಲಿ ಒಳಗೆ ಹೋಗುವುದಿಲ್ಲ, ಬೀಗ ಬೇರೆ ಇದೆ. ನೋಡಲು ಭದ್ರ. ಆದರೆ ಬಾಗಿಲು ಹಾಕಿದರೆ ತೇವ ಹೊರಗೇ ಉಳಿಯುತ್ತದೆ ಅನ್ನುವುದು ಸುಳ್ಳು. ಬಾಗಿಲ ಸಂದಿನಲ್ಲಿ ತೇವದ ಗಾಳಿ ನಿಧಾನಕ್ಕೆ ಒಳಗೆ ಹೋಗುತ್ತದೆ, ಹೋದದ್ದು ಅಲ್ಲೇ ನಿಲ್ಲುತ್ತದೆ. ರಾತ್ರಿ ತಗಡು ತಣ್ಣಗಾದಾಗ ಒಳಮೈಯಲ್ಲಿ ಬೆವರು. ಎರಡು ವಾರ ಮಳೆ ಹಿಡಿದು ಬಾಗಿಲು ತೆಗೆದರೆ ಮೂಗಿಗೇ ಗೊತ್ತಾಗುತ್ತದೆ. ಇನ್ನು ಉಪ್ಪುಗಾಳಿ. ಕಪಾಟಿನ ಕಾಲು, ತಳದ ಅಂಚು, ಬಿಜಾಗ್ರಿ, ಈ ಕ್ರಮದಲ್ಲಿ ತುಕ್ಕು ಶುರುವಾಗುತ್ತದೆ. ತುಕ್ಕಿನ ಪುಡಿ ಬಿಳಿ ಕವರಿಗೆ ತಾಗಿದರೆ ಆ ಕಲೆ ಹೋಗುವುದಿಲ್ಲ.

ಹಾಗಂತ ಕಪಾಟನ್ನು ಎಸೆಯಬೇಕಿಲ್ಲ. ಒಳಗೆ ಬಲ್ಬ್ ಹಾಕುವ ಹಳೆಯ ಉಪಾಯ ಇದೆ ಅಲ್ವಾ? ಅದು ನಿಜಕ್ಕೂ ಕೆಲಸ ಮಾಡುತ್ತದೆ. ಬಲ್ಬ್ ನೀರನ್ನು ಎಲ್ಲಿಗೂ ಒಯ್ಯುವುದಿಲ್ಲ, ಸುಮ್ನೆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ ಅಷ್ಟೆ. ಬೆಚ್ಚಗಿನ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ. 27 ಡಿಗ್ರಿಯಲ್ಲಿ 88 ಪರ್ಸೆಂಟ್ ಇರುವ ಗಾಳಿ 32 ಡಿಗ್ರಿಗೆ ಏರಿದರೆ 66ರ ಹತ್ತಿರ ಬರುತ್ತದೆ. ಆ ಬಿಸಿಗೆ ವಿನೈಲ್‌ಗೆ ಏನೂ ಆಗುವುದಿಲ್ಲ. ಇದಕ್ಕೆ ಎಲ್‌ಇಡಿ ಬಲ್ಬ್ ಪ್ರಯೋಜನವಿಲ್ಲ, ಅದು ಬಿಸಿಯಾಗುವುದು ಕಡಿಮೆ. ತಂತಿಯ ಹಳೇ ಜೀರೋ ಬಲ್ಬೇ ಬೇಕು. ಹೆಸರಿಗೆ ಜೀರೋ, ಕರೆಂಟು ತಿನ್ನುವುದು ಮಾತ್ರ 15 ವ್ಯಾಟ್ ಹತ್ತಿರ. ತಳದ ಖಾನೆಯಲ್ಲಿ, ಜಾಲರಿಯೊಳಗೆ, ಕವರುಗಳಿಂದ ಒಂದು ಗೇಣಾದರೂ ದೂರ ಇರಬೇಕು. ಒಂದೇ ತೊಂದರೆ: ಗಾಳಿಮಳೆಗೆ ಕರೆಂಟು ಹೋದರೆ ಕಪಾಟು ಮತ್ತೆ ತಣ್ಣಗಾಗುತ್ತದೆ. ಇಲ್ಲಿ ಕರೆಂಟು ಹೋಗುವುದೂ ಬಲ್ಬ್ ಬೇಕಾಗುವುದೂ ಒಂದೇ ದಿನ.

ರೆಡಿಮೇಡ್ ಚೌಕ ಖಾನೆಗಳ ರ‍್ಯಾಕಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅಳತೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಖಾನೆ 33 ಸೆಂಟಿಮೀಟರ್, ಕವರು 31 ಚಿಲ್ಲರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಚೆನ್ನಾಗಿಯೇ ಬಾಳುತ್ತದೆ. ನಮ್ಮಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಳದ ಅಂಚು ಊದಿಕೊಂಡಿತು, ಸ್ಕ್ರೂ ಹಿಡಿತ ಬಿಟ್ಟಿತು. ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಬೋರ್ಡು, ನೀರು ಕುಡಿಯದೇ ಇರುತ್ತದೆಯೇ? ಇದೇ ಆಕಾರ ಬೇಕೆಂದರೆ ಪ್ಲೈವುಡ್‌ನಲ್ಲಿ ಮಾಡಿಸಿ. ಹಲಗೆಯ ಮೇಲೆ ಐಎಸ್ 710 ಎಂಬ ಗುರುತು ನೋಡಿ ತೆಗೆದುಕೊಳ್ಳಿ, ಅದು ಮರೈನ್ ಪ್ಲೈ. ಐಎಸ್ 303 ಗುರುತಿನದ್ದು ಅಗ್ಗ, ಆದರೆ ಕರಾವಳಿಗೆ ಅಲ್ಲ.

ಪ್ಲಾಸ್ಟಿಕ್ ಕ್ರೇಟು ನನಗೆ ಅಚ್ಚರಿ ತಂದ ಆಯ್ಕೆ. ಬೈತಖೋಲ್ ಬಂದರಿನಲ್ಲಿ ಮೀನು ತುಂಬುತ್ತಾರಲ್ಲ, ಅದೇ ಜಾತಿ. ಹೊಸದನ್ನೇ ಕೊಳ್ಳಿ ಎಂದು ಬೇರೆ ಹೇಳಬೇಕಿಲ್ಲ. ನಾಲ್ಕೂ ಬದಿ ತೂತು ಇರುವುದನ್ನು ಆರಿಸಿದರೆ ಗಾಳಿ ಆಡುತ್ತದೆ. ಒರಲೆ, ತುಕ್ಕು, ಊದುವಿಕೆ ಯಾವುದೂ ಇಲ್ಲ. ನೀರು ಒಳಗೆ ಬಂದರೆ ಎತ್ತಿ ಬೇರೆ ಕಡೆ ಇಡಬಹುದು. ಕಾಳಿ ಹೊಳೆಯ ದಂಡೆಯಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಪೂರ್ತಿ ತುಂಬಿದರೆ ಮಾತ್ರ ಒಬ್ಬರಿಂದ ಎತ್ತಲಾಗದು. ಅರ್ಧ ತುಂಬಿದರೆ ರೆಕಾರ್ಡು ಓರೆಯಾಗಿ ಒರಗುತ್ತದೆ, ಓರೆಯಾಗಿ ಬಹಳ ಕಾಲ ನಿಂತದ್ದು ಬಾಗುತ್ತದೆ. ನಡುವೆ ಒಂದು ತುಂಡು ಪ್ಲೈ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಬೇಕು. ನೋಡಲು ಮಾತ್ರ ಸಂತೆಯ ತರಕಾರಿ ಅಂಗಡಿಯೇ. ನಮ್ಮ ಅತ್ತಿಗೆ ಅದನ್ನು ಪಡಸಾಲೆಗೆ ತರಲು ಬಿಡಲಿಲ್ಲ, ಅವರ ಮಾತು ತಪ್ಪೂ ಅಲ್ಲ.

ಕೊನೆಗೆ ಗೆದ್ದದ್ದು ಹಲಸಿನ ಮರದ ತೆರೆದ ರ‍್ಯಾಕು. ದುಡ್ಡು ಜಾಸ್ತಿ ಆಯಿತು, ಅದರಲ್ಲಿ ಎರಡು ರೆಡಿಮೇಡ್ ರ‍್ಯಾಕ್ ಬರುತ್ತಿದ್ದವು. ಹಲಸಿನ ಬಲಿತ ಮರಕ್ಕೆ ಒರಲೆ ಬೇಗ ಹತ್ತುವುದಿಲ್ಲ, ಸಾಗುವಾನಿಗಿಂತ ಕಡಿಮೆ ಬೆಲೆ. ನಾನು ಹಿಂದೆ ಹಲಗೆ ಹೊಡೆಯಿರಿ ಅಂದೆ. ಅಂಕೋಲೆ ಕಡೆಯ ಆಚಾರಿ ಒಪ್ಪಲಿಲ್ಲ. “ಹಿಂದೆ ಮುಚ್ಚಿದ್ರೆ ಗಾಳಿ ಎಲ್ಲಿಂದ ಆಡ್ತದೆ ಮಾರಾಯ್ರೆ?” ಅಂದರು. ತಳಕ್ಕೂ ಹಿಂಬದಿಗೂ ಪಟ್ಟಿ ಹೊಡೆದು, ನಡುನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರು. ಒಳ ಎತ್ತರ 34 ಸೆಂಟಿಮೀಟರ್. ಪ್ರತಿ ಗೇಣಿಗೊಂದು ಅಡ್ಡಗೋಡೆ, ಅದರಿಂದ ಯಾವ ರೆಕಾರ್ಡೂ ಓರೆಯಾಗುವುದಿಲ್ಲ. ಕಾಲಿನ ಕೆಳಗೆ ಕಪ್ಪುಕಲ್ಲಿನ ತುಂಡುಗಳು. ಗೋಡೆಯಿಂದ ಅಂಗೈಯಷ್ಟು ಮುಂದೆ. ನಮ್ಮದು ಚಿರೇಕಲ್ಲಿನ ಗೋಡೆ. ಮಳೆಗಾಲದಲ್ಲಿ ಅದು ನೀರು ಹೀರುತ್ತದೆ, ಅದಕ್ಕೆ ತಾಗಿಸಿ ಏನನ್ನೂ ಇಡಬಾರದು.

ತೆರೆದ ರ‍್ಯಾಕಿನಲ್ಲಿ ತೇವ ಕಡಿಮೆ ಏನಲ್ಲ, ಮೀಟರು ಕೋಣೆಯ ಅಂಕಿಯನ್ನೇ ತೋರಿಸುತ್ತದೆ. ಆದರೂ ಬೂಷ್ಟು ಕಡಿಮೆ, ಏಕೆಂದರೆ ಗಾಳಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸಣ್ಣ ಟೇಬಲ್ ಫ್ಯಾನನ್ನು ದಿನಕ್ಕೆ ಒಂದಿಷ್ಟು ಹೊತ್ತು ಅದರ ಕಡೆ ತಿರುಗಿಸಿ ಬಿಡುತ್ತೇನೆ. ಇದರ ಸೋಲು ಇರುವುದು ಧೂಳಿನಲ್ಲಿ. ಅದಕ್ಕೆ ಮುಂದೆ ಹಳೇ ಹತ್ತಿ ಸೀರೆಯ ಪರದೆ ಕಟ್ಟಿದ್ದೇನೆ. ಪ್ಲಾಸ್ಟಿಕ್ ಪರದೆ ಬೇಡ. ವಿನೈಲನ್ನೇ ಬೂಷ್ಟು ಸುಲಭಕ್ಕೆ ತಿನ್ನುವುದಿಲ್ಲ. ಅದಕ್ಕೆ ಬೇಕಾದದ್ದು ಕವರಿನ ಕಾಗದ, ಅಂಟು, ಬೆರಳಿನ ಎಣ್ಣೆ, ಧೂಳು. ಅಲ್ಲಿ ಬೇರು ಬಿಟ್ಟು ಆಮೇಲೆ ರೆಕಾರ್ಡಿನ ಗೆರೆಗಳಿಗೆ ಇಳಿಯುತ್ತದೆ. ಆದ್ದರಿಂದ ಒಳಗಿನ ಹಳೇ ಕಾಗದದ ಚೀಲ ತೆಗೆದು ಪಾಲಿಥೀನಿನದ್ದು ಹಾಕುವುದು ಯಾವ ರ‍್ಯಾಕಿಗಿಂತಲೂ ಮೊದಲ ಖರ್ಚು. ಪಿವಿಸಿಯ ದಪ್ಪ ಮಿನುಗು ಕವರು ಬೇಡ, ಅದು ಕಾಲಕ್ರಮೇಣ ರೆಕಾರ್ಡಿಗೆ ಮಂಜು ಹಿಡಿಸುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಶಿರಸಿಯ ನೆಂಟರು ಬೇರೆ ದಾರಿ ಹೇಳಿದರು: ಒಲೆಯ ಮೇಲಿನ ಅಟ್ಟ. ಅಡಿಕೆ, ಬೀಜ, ಹಳೇ ಕಾಗದಪತ್ರ ಎಲ್ಲ ಅಲ್ಲಿ ಗರಿಗರಿಯಾಗಿ ಉಳಿಯುತ್ತವೆ, ನಿಜ. ಘಟ್ಟದ ಮೇಲೆ ಉಪ್ಪುಗಾಳಿಯ ಕಾಟವೂ ಇಲ್ಲ. ಆದರೆ ಅಟ್ಟದಲ್ಲಿ ಮಸಿ, ಜೊತೆಗೆ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬಿಸಿ. ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಕೈ ಇಟ್ಟು ನೋಡಿ. ಎಲ್.ಪಿ. ಅಲ್ಲಿ ನೆಟ್ಟಗೆ ಉಳಿಯುವ ನಂಬಿಕೆ ನನಗಿಲ್ಲ.

ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಬೇಕೋ ಬೇಡವೋ ಅನ್ನುವುದು ಮನೆಯ ಮಾಡು ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಸ್ಲ್ಯಾಬಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಹಾಕಿದರೆ ಡಬ್ಬಿ ತುಂಬ ನೀರು ಹಿಡಿದು ಕೊಡುತ್ತದೆ, ಮೀಟರು 60ಕ್ಕೆ ಇಳಿಯುತ್ತದೆ. ಮಂಗಳೂರು ಹೆಂಚಿನ ಕೋಣೆಯಲ್ಲಿ ಹಾಕಿದರೆ ಹೆಂಚಿನ ಸಂದಿನಿಂದ ಅರಬ್ಬಿ ಸಮುದ್ರವೇ ಒಳಗೆ ಬರುತ್ತಿರುತ್ತದೆ. ಯಂತ್ರ ಓಡುತ್ತಲೇ ಇರುತ್ತದೆ, ಬಿಲ್ಲು ಏರುತ್ತಲೇ ಇರುತ್ತದೆ.

ಇ.ಪಿ.ಗಳಿಗೆ ಮಾತ್ರ ನಾನು ಉಲ್ಟಾ ಹೋಗಿದ್ದೇನೆ. ಅವು ಸಣ್ಣವು, ಗಾಳಿಯಾಡದ ದೊಡ್ಡ ಅಡುಗೆ ಡಬ್ಬಿಗಳಲ್ಲಿ ಕೂರುತ್ತವೆ. ಒಳಗೆ ನೀಲಿ ಸಿಲಿಕಾ ಜೆಲ್. ಅದು ತೇವ ಕುಡಿದು ಗುಲಾಬಿಯಾದರೆ ಓವನ್‌ನಲ್ಲಿ 120 ಡಿಗ್ರಿ ಹತ್ತಿರ ಕಾಯಿಸಿದರೆ ಮತ್ತೆ ನೀಲಿ. ಆದರೆ ಡಬ್ಬಿ ಮುಚ್ಚುವುದು ಯಾವಾಗ ಅನ್ನುವುದು ಮುಖ್ಯ. ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನ ಮುಚ್ಚಬೇಕು. ಜೂನ್‌ನಲ್ಲಿ ಮುಚ್ಚಿದರೆ ಮಳೆಯನ್ನೇ ಡಬ್ಬಿಗೆ ಹಾಕಿದ ಹಾಗೆ. ತೆರೆದ ರ‍್ಯಾಕಿನಲ್ಲಿ ಸಿಲಿಕಾ ಪೊಟ್ಟಣ ಇಡುವವರನ್ನು ನೋಡಿದ್ದೇನೆ. ಅದು ಶುದ್ಧ ದಂಡ.

78ರ ಪ್ಲೇಟುಗಳು ಬಲ್ಬಿನ ಕಪಾಟಿನಲ್ಲಿವೆ. ಅರಗು ಗಟ್ಟಿ, ಆದರೆ ಒಡಕಲು. ಬಿದ್ದರೆ ಎರಡು ತುಂಡು. ಅದರ ಮೇಲೆ ಬೂಷ್ಟು ಬಂದರೆ ಗೆರೆಯನ್ನೇ ಕೊರೆಯುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ಇವನ್ನು ಒರೆಸುವಾಗ ಸ್ಪಿರಿಟ್ ಮುಟ್ಟಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ.

ಇನ್ನು ತೋರಿಸುವ ವಿಚಾರ. ಗಾಜಿನ ಫ್ರೇಮು ಮತ್ತು ಗೋಡೆಗೆ ಹೊಡೆದ ಸಣ್ಣ ಪಟ್ಟಿ, ಎರಡನ್ನೂ ಹಾಕಿ ನೋಡಿದೆ. ಫ್ರೇಮು ಗಂಭೀರವಾಗಿ ಕಾಣುತ್ತದೆ. ಆದರೆ ಕವರು ಗಾಜಿಗೆ ಒತ್ತಿಕೊಂಡಿದ್ದರೆ ನಡುವೆ ತೇವ ಸಿಕ್ಕಿಹಾಕಿಕೊಂಡು ಚಿತ್ರ ಗಾಜಿಗೇ ಅಂಟುತ್ತದೆ. ಫ್ರೇಮೇ ಬೇಕೆಂದರೆ ಅಂಚಿಗೆ ದಪ್ಪ ರಟ್ಟಿನ ಚೌಕಟ್ಟು ಕೊಟ್ಟು ಗಾಜನ್ನು ಮೇಲೆತ್ತಿಸಿ. ಪಟ್ಟಿಯ ಮೇಲೆ ಕವರು ಬರಿದೇ ನಿಲ್ಲುತ್ತದೆ, ವಾರಕ್ಕೊಮ್ಮೆ ಬದಲಿಸಬಹುದು, ಕೇಳುತ್ತಿರುವುದನ್ನೇ ಮುಂದೆ ಇಡಬಹುದು. ನನ್ನ ಮತ ಪಟ್ಟಿಗೆ. ಎರಡರಲ್ಲೂ ಖಾಲಿ ಕವರು ಮಾತ್ರ ಇಡಿ. ರೆಕಾರ್ಡು ಬಿಳಿ ಚೀಲದಲ್ಲಿ ರ‍್ಯಾಕಿನಲ್ಲೇ ಇರಲಿ. ಸಮುದ್ರದ ಕಡೆಯ ಪಡುವಣ ಗೋಡೆ ಬೇಡ. ಮಳೆಗಾಲದಲ್ಲಿ ಸೋರಿಕೆ, ಆಮೇಲೆ ಸಂಜೆಯ ಬಿಸಿಲು. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಬಣ್ಣ. ಎರಡು ಕೋಣೆಗಳ ನಡುವಿನ ಒಳಗೋಡೆಯೇ ಒಳ್ಳೆಯದು.

ಜೂನ್ ಬಂದಾಗ ಪಟ್ಟಿಯ ಕವರುಗಳೂ ರ‍್ಯಾಕಿಗೆ ಹೋಗುತ್ತವೆ. ನವರಾತ್ರಿಯವರೆಗೆ ಅಲ್ಲಿ ಅವುಗಳದೇ ಕಲರ್ ಜೆರಾಕ್ಸ್, ರಟ್ಟಿಗೆ ಅಂಟಿಸಿದ್ದು. ಬಂದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅತ್ತಿಗೆಗೆ ಆ ಜೆರಾಕ್ಸೇ ಹೆಚ್ಚು ಇಷ್ಟ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೂ ನಾನು ಕೂಗುವುದಿಲ್ಲ ಅಂತ.