ಬಕೆಟ್ಟು ಆರಿಸಿಕೊಟ್ಟ ಬಿಯರ್: ಮನೆಯಲ್ಲೇ ಬಿಯರ್ ಮಾಡುವ ಕಿಟ್, ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲು ನಲ್ಲಿಯ ವಿಷಯ ಮುಗಿಸಿಬಿಡುತ್ತೇನೆ. ಈ ಕಿಟ್‌ನ ಬಗ್ಗೆ ನನಗಿರುವ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಅದರದ್ದೇ. ಬಿಯರ್ ಹುದುಗುವ ಬಕೆಟ್ಟಿನ ಬುಡದಲ್ಲಿ ತೂತು ಕೊರೆದು, ರಬ್ಬರ್ ವಾಷರ್ ಇಟ್ಟು ಬಿಗಿದ ಪ್ಲಾಸ್ಟಿಕ್ ನಲ್ಲಿ ಅದು. ನೋಡಲು ಒಂದೇ ತುಂಡು. ಜೊತೆಗೆ ಬರುವ ಸೂಚನೆಯ ಹಾಳೆ ‘ನಲ್ಲಿಯನ್ನು ತೊಳೆಯಿರಿ’ ಎಂದು ಎರಡೇ ಪದ ಹೇಳಿ ತಾನು ಕೈತೊಳೆದುಕೊಳ್ಳುತ್ತದೆ. ವಾಸ್ತವದಲ್ಲಿ ಅದು ಎರಡು ತುಂಡು. ಹೊರಗಿನ ಕವಚದೊಳಗೆ ತಿರುಗುವ ಒಂದು ಉರುಳೆಯಿದೆ. ಅವೆರಡರ ನಡುವಿನ ಸಂದಿಗೆ ಬಿಯರ್ ಇಳಿಯುತ್ತದೆ, ಅಲ್ಲೇ ಒಣಗುತ್ತದೆ, ಮುಂದಿನ ಒಬ್ಬೆಗಾಗಿ ಕಾದು ಕೂರುತ್ತದೆ.

ಕಾಯಿಲೆ ಕಾಣಿಸಿಕೊಂಡದ್ದು ಬಾಟಲಿಗಳಲ್ಲಿ. ಬಕೆಟ್ಟಿನಲ್ಲಿದ್ದಷ್ಟು ದಿನ ಬಿಯರ್ ಚೆನ್ನಾಗಿಯೇ ಇರುತ್ತಿತ್ತು. ಬಾಟಲಿಗೆ ಇಳಿದು ಕೆಲವು ವಾರ ಕಳೆದರೆ ತೆಳ್ಳಗಾಗಿ, ಹುಳಿಯಾಗಿ, ಮುಚ್ಚಳ ತೆಗೆದೊಡನೆ ಅರ್ಧ ಬಾಟಲಿ ನೊರೆಯಾಗಿ ನೆಲದ ಪಾಲಾಗುತ್ತಿತ್ತು. ಅನುಮಾನ ಸಕ್ಕರೆಯ ಮೇಲೆ ಹೋಯಿತು, ಯೀಸ್ಟಿನ ಮೇಲೆ ಹೋಯಿತು, ಬಾಟಲಿಗಳ ಮೇಲೂ ಹೋಯಿತು. ಆದರೆ ಬಕೆಟ್ಟಿನಲ್ಲಿ ಸರಿಯಿದ್ದದ್ದು ಬಾಟಲಿಯಲ್ಲಿ ಕೆಡುತ್ತದೆ ಎಂದರೆ ಕೇಡು ನಡುವಿನ ದಾರಿಯಲ್ಲಿ ಇರಬೇಕು. ಆ ದಾರಿಯ ಮೊದಲ ಬಾಗಿಲು ನಲ್ಲಿಯೇ.

ನಿಮ್ಮಲ್ಲಿ ಇದೇ ಬಗೆಯ ನಲ್ಲಿ ಇದ್ದರೆ ಹೀಗೆ ಮಾಡಿ. ಅದನ್ನು ಬಿಚ್ಚಿ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಐದು ನಿಮಿಷ ಮುಳುಗಿಸಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕವಚ ಸ್ವಲ್ಪ ಮೆತ್ತಗಾದಾಗ ಬಟ್ಟೆಯಲ್ಲಿ ಹಿಡಿದು, ಕೆಳಗಿನಿಂದ ಮರದ ಸೌಟಿನ ಹಿಡಿಯನ್ನು ಒತ್ತಿದರೆ ಉರುಳೆ ಟಪ್ಪೆಂದು ಹೊರಗೆ ಬರುತ್ತದೆ. ನನ್ನ ನಲ್ಲಿಯ ಉರುಳೆಯ ಸುತ್ತ ಕಂದು ಬಣ್ಣದ ಜಿಗುಟು ಉಂಗುರವಿತ್ತು, ಉಗುರಿನಿಂದ ಕೆರೆದರೆ ಪದರವಾಗಿ ಎದ್ದು ಬರುವಷ್ಟು ದಪ್ಪ. ಮೂಸಿ ನೋಡಿದರೆ ವಿನೆಗರ್. ಇಂತಹ ಕಡೆ ಬೀಡುಬಿಡುವ ಕೆಲವು ಕಾಡು ಯೀಸ್ಟ್‌ಗಳು ಬಿಯರ್ ಯೀಸ್ಟ್ ಮುಟ್ಟದೆ ಬಿಟ್ಟ ಸಕ್ಕರೆಗಳನ್ನೂ ತಿನ್ನುತ್ತವೆ. ಬಾಟಲಿಯೊಳಗಿನ ಅನಿಲ ನಿಲ್ಲದೆ ಏರುತ್ತಲೇ ಹೋಗುವುದು ಅದಕ್ಕೇ. ಗಾಜು ಒಡೆಯಲೂಬಹುದು.

ಅಂದಿನಿಂದ ಪ್ರತಿ ಒಬ್ಬೆಗೂ ನಲ್ಲಿ ಬಿಚ್ಚುವುದು ನನ್ನ ಮನೆಯ ವಿಧಿಯಾಗಿದೆ. ಮೊದಲು ಸೋಡಿಯಂ ಪರ್ಕಾರ್ಬೊನೇಟ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತೇನೆ. ಆಮೇಲೆ, ಮರುಜೋಡಿಸುವ ಮೊದಲು, ಫಾಸ್ಫಾರಿಕ್ ಆಮ್ಲ ಆಧಾರಿತ ಸೋಂಕುನಿವಾರಕದಲ್ಲಿ ಅದ್ದುತ್ತೇನೆ. ಕೊಳೆ ತೆಗೆಯುವುದು ಒಂದು ಕೆಲಸ, ಸೋಂಕು ತೆಗೆಯುವುದು ಇನ್ನೊಂದು ಕೆಲಸ. ಕೊಳೆಯ ಮೇಲೆ ಎಷ್ಟು ಸೋಂಕುನಿವಾರಕ ಸುರಿದರೂ ಅದು ನೀರಲ್ಲಿ ಹೋಮ. ಬಟ್ಟೆಗೆ ಹಾಕುವ ಬ್ಲೀಚನ್ನಂತೂ ಹತ್ತಿರ ಸುಳಿಯಲು ಬಿಡಬೇಡಿ. ಅದರ ಕ್ಲೋರಿನ್ ಬಿಯರಿನ ಫೀನಾಲ್‌ಗಳೊಂದಿಗೆ ಸೇರಿ, ಒಂದೇ ಗುಟುಕಿಗೆ ಆಸ್ಪತ್ರೆಯ ನೆನಪು ತರಿಸುತ್ತದೆ. ಬಕೆಟ್ಟಿನ ಒಳಮೈಗೆ ಪಾತ್ರೆ ತಿಕ್ಕುವ ಒರಟು ನಾರನ್ನೂ ಹಾಕಬಾರದು. ಅದು ಎಳೆಯುವ ಗೀರುಗಳೊಳಕ್ಕೆ ಯಾವ ಬ್ರಷ್ಷೂ ಇಳಿಯುವುದಿಲ್ಲ.

ಡಬ್ಬಿಯಲ್ಲಿ ಬರುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪಾಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೊತೆಗೆ ಒಂದು ಕಿಲೋ ಸಕ್ಕರೆ ಸುರಿಯಿರಿ ಎಂಬ ಸೂಚನೆಯನ್ನು ಪಾಲಿಸಿದರೆ ಸಿಗುವುದು ನೀರುನೀರಾದ, ಸೇಬಿನ ರಸದ ಛಾಯೆಯ ಪಾನೀಯ. ಮುಚ್ಚಳದಡಿ ಅಂಟಿಸಿದ ಯೀಸ್ಟ್ ಪೊಟ್ಟಣಕ್ಕೆ ಹುಟ್ಟಿದ ದಿನವೂ ಇಲ್ಲ, ಕುಲಗೋತ್ರವೂ ಇಲ್ಲ. ಎರಡನ್ನೂ ಬಿಟ್ಟೆ. ಈಗ ಮಾಲ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ 66 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಡುತ್ತೇನೆ, ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂ ಹಾಕಿ ಇನ್ನೊಂದು ಗಂಟೆ ಕುದಿಸುತ್ತೇನೆ. ಒಳ್ಳೆಯ ಯೀಸ್ಟನ್ನು ಬೇರೆಯಾಗಿ ಕೊಳ್ಳುತ್ತೇನೆ. ಆದ್ದರಿಂದ ಈ ವಿಮರ್ಶೆ ನಿಜಕ್ಕೂ ಬಕೆಟ್ಟಿನದ್ದು, ಅದರ ಮುಚ್ಚಳದ್ದು ಮತ್ತು ಆ ಹಾಳು ನಲ್ಲಿಯದ್ದು.

ಮುಚ್ಚಳವೂ ಸಾಧುವಲ್ಲ. ಸವೆದ ಗ್ಯಾಸ್ಕೆಟ್ಟಿನ ಕುಕ್ಕರಿನಂತೆ ಎಲ್ಲಿಂದಲೋ ಸಣ್ಣಗೆ ಗಾಳಿ ಬಿಡುತ್ತದೆ, ಎಲ್ಲಿಂದ ಎಂದು ಹಿಡಿಯಲಾಗುವುದಿಲ್ಲ. ಹೀಗಾಗಿ ಮೇಲೆ ಸಿಕ್ಕಿಸಿದ ಏರ್‌ಲಾಕ್ (ಅನಿಲವನ್ನು ಗುಳ್ಳೆಯಾಗಿ ಹೊರಬಿಟ್ಟು ಗಾಳಿಯನ್ನು ತಡೆಯುವ ನೀರಿನ ಬೀಗ) ಬಹುತೇಕ ಮೌನವ್ರತದಲ್ಲಿರುತ್ತದೆ. ಗುಳುಗುಳು ನಿಂತರೆ ಬಿಯರ್ ಆಯಿತು ಎನ್ನುತ್ತದೆ ಸೂಚನೆಯ ಹಾಳೆ. ಇಲ್ಲಿ ಗುಳುಗುಳು ಶುರುವಾಗುವುದೇ ಇಲ್ಲ. ಹೊಸಬರು ಯೀಸ್ಟ್ ಸತ್ತಿತೆಂದು ಗಾಬರಿಬಿದ್ದು ಮುಚ್ಚಳ ತೆಗೆದು ನೋಡಿದರೆ, ಒಳಗೆ ಕೆನೆಬಣ್ಣದ ನೊರೆ ನಾಲ್ಕು ಬೆರಳು ದಪ್ಪ ಎದ್ದು ನಿಂತಿರುತ್ತದೆ. ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಸುಲಭದ ದಾರಿ ಹುಡುಕಿಕೊಂಡು ಅಂಚಿನಿಂದ ಹೊರಟುಹೋಗುತ್ತದೆ, ಅಷ್ಟೇ. ಒತ್ತಡ ಹೊರಮುಖವಾಗಿರುವ ತನಕ ಅದರಿಂದ ತೊಂದರೆಯಿಲ್ಲ. ಹುದುಗುವುದು ನಿಂತ ಮೇಲೆ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಅದರ ಪರಿಣಾಮಕ್ಕೆ ಆಮೇಲೆ ಬರುತ್ತೇನೆ.

ಏರ್‌ಲಾಕ್ ನಂಬಿಕೆಗೆ ಅರ್ಹವಲ್ಲ ಎಂದಾದ ಮೇಲೆ ಉಳಿದದ್ದು ಹೈಡ್ರೋಮೀಟರ್, ದ್ರವದ ಸಾಂದ್ರತೆ ಅಳೆಯುವ ತೇಲುವ ಗಾಜಿನ ಕೊಳವೆ; ಸಕ್ಕರೆ ಕಡಿಮೆಯಾದಷ್ಟೂ ಅದರ ಅಂಕಿ ಇಳಿಯುತ್ತದೆ. ಇಲ್ಲಿಂದ ಮುಂದೆ ನನ್ನ ದನಿ ಸ್ವಲ್ಪ ಮೆತ್ತಗಾಗುತ್ತದೆ. ಏಕೆಂದರೆ ಮುಚ್ಚಳ ತೆಗೆಯದೆ, ಒಳಗಿನ ನೊರೆ ಕದಡದೆ, ಅಳತೆಯ ಕೊಳವೆಗೆ ನೂರು ಮಿಲಿಲೀಟರ್ ಬಿಯರ್ ಇಳಿಸಿಕೊಳ್ಳಲು ಈ ನಲ್ಲಿಗಿಂತ ಅನುಕೂಲದ ಸಾಧನ ಇನ್ನೊಂದಿಲ್ಲ. ಮೊದಲ ಒಂದೆರಡು ಗುಟುಕಿನಷ್ಟು ಗಷ್ಟು ಬರುತ್ತದೆ, ಅದನ್ನು ಚೆಲ್ಲಬೇಕು. ಆಮೇಲೆ ಕೊಳವೆ ತುಂಬಿಸಿ, ಹೈಡ್ರೋಮೀಟರನ್ನು ಇಳಿಬಿಟ್ಟು, ಬೆರಳಿನಿಂದ ಒಮ್ಮೆ ತಿರುಗಿಸುತ್ತೇನೆ, ಮೈಗೆ ಅಂಟಿದ ಗುಳ್ಳೆಗಳು ಬಿಟ್ಟುಹೋಗಲಿ ಎಂದು. ಅದು ತೂಗಾಡಿ ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದುತ್ತೇನೆ. ಮೊದಲ ದಿನ 1.046 ಇದ್ದದ್ದು 1.010ಕ್ಕೆ ಇಳಿದು, ಎರಡು ಮೂರು ದಿನ ಅಲ್ಲೇ ನಿಂತಿದ್ದರೆ ಹುದುಗುವಿಕೆ ಮುಗಿದಂತೆ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಪ್ರಮಾಣ, ಸುಮಾರು 4.7 ಶೇಕಡಾ. ನಲ್ಲಿಯ ಬಾಯಿಗೆ ಸೋಂಕುನಿವಾರಕ ಸಿಂಪಡಿಸಿ ಒರೆಸಿದರೆ ಕೆಲಸ ಮುಗಿಯಿತು.

ಅಳತೆಗೆ ತೆಗೆದದ್ದನ್ನು ವಾಪಸು ಸುರಿಯಬಾರದು. ಕುಡಿಯಬೇಕು. ಈ ಕಿಟ್ ಕೊಟ್ಟ, ನಾನು ನಿರೀಕ್ಷಿಸಿಯೇ ಇರದ ಸುಖ ಇದೇ. ಮೊದಲ ದಿನ ಕೇವಲ ಸಿಹಿ ಮಾಲ್ಟ್, ಅದರ ಹಿಂದೆ ಹಾಪ್ಸಿನ ಒರಟು ಕಹಿ. ಮೂರನೆಯ ದಿನ ಸಿಹಿ ಅರ್ಧ ಕರಗಿ, ಹಸಿರು ಸೇಬಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಅಸಿಟಾಲ್ಡಿಹೈಡ್, ಯೀಸ್ಟ್ ತನ್ನ ಕೆಲಸದ ನಡುವೆ ಬಿಟ್ಟದ್ದು. ಕೆಲವೊಮ್ಮೆ ಬೆಣ್ಣೆಯ ವಾಸನೆಯೂ ಇರುತ್ತದೆ, ಅದು ಡೈಅಸಿಟೈಲ್. ಅವಸರಪಡದೆ ಇನ್ನಷ್ಟು ದಿನ ಬಿಟ್ಟರೆ ಎರಡನ್ನೂ ಯೀಸ್ಟೇ ಮತ್ತೆ ಹೀರಿಕೊಳ್ಳುತ್ತದೆ. ಇದನ್ನು ಓದಿ ತಿಳಿದಿದ್ದೆ. ಆದರೆ ಬೆಣ್ಣೆ ಮಾಯವಾದ ದಿನ ನಾಲಿಗೆಗೆ ಅದು ಗೊತ್ತಾಗುವುದೇ ಬೇರೆ. ಗುಳುಗುಳು ಎನ್ನುವ ಒಳ್ಳೆಯ ಮುಚ್ಚಳವಿದ್ದಿದ್ದರೆ ನಾನು ದೂರದಿಂದಲೇ ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಬಾಟಲಿ ತುಂಬುವ ದಿನವೂ ಇದೇ ನಲ್ಲಿಗೆ ಅಂಗೈಯುದ್ದದ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಗೆ ಸ್ಪ್ರಿಂಗ್ ಇರುವ ಗಟ್ಟಿ ಕೋಲು ಜೋಡಿಸುತ್ತೇನೆ. ಕೋಲನ್ನು ಬಾಟಲಿಯ ತಳಕ್ಕೆ ಒತ್ತಿದರೆ ಬಿಯರ್ ಹರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಬಾಟಲಿ ಕಂಠದ ತನಕ ತುಂಬಿದ ಮೇಲೆ ಕೋಲನ್ನು ಹೊರಗೆಳೆದರೆ, ಅದು ಆಕ್ರಮಿಸಿದ್ದ ಜಾಗದಷ್ಟು ಮಟ್ಟ ತಾನಾಗಿಯೇ ಇಳಿದು, ಪ್ರತಿ ಬಾಟಲಿಯಲ್ಲೂ ಒಂದೇ ಎತ್ತರದ ಖಾಲಿ ಉಳಿಯುತ್ತದೆ. ಯಾರು ಯೋಚಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ. ಬಾಟಲಿಯಲ್ಲಿ ಅನಿಲ ಹುಟ್ಟಲೆಂದು ಹಾಕುವ ಸಕ್ಕರೆಯ ವಿಷಯದಲ್ಲಿ ಮಾತ್ರ ಹಾಳೆಯನ್ನು ನಂಬಬೇಡಿ. ಬಾಟಲಿಗೊಂದು ಚಮಚ ಎಂದರೆ ಯಾರ ಚಮಚ? 20 ಲೀಟರಿಗೆ 120 ಗ್ರಾಂ ಸಕ್ಕರೆ ತೂಗಿ, ನೀರಿನಲ್ಲಿ ಕುದಿಸಿ, ಒಟ್ಟು 400 ಮಿಲಿಲೀಟರ್ ಪಾಕ ಮಾಡಿ ಆರಿಸಿ. ಅರ್ಧ ಲೀಟರಿನ ಬಾಟಲಿಗೆ ಶುದ್ಧವಾದ ಸಿರಿಂಜಿನಲ್ಲಿ 10 ಮಿಲಿಲೀಟರ್, ಅಂದರೆ ಸರಿಯಾಗಿ ಮೂರು ಗ್ರಾಂ ಸಕ್ಕರೆ. ಬಾಟಲಿಯ ಮುಚ್ಚಳ ಒತ್ತುವ ಸನ್ನೆಕೋಲಿನ ಬಗ್ಗೆ ದೂರಿಲ್ಲ. ಕಟಕ್ ಎನ್ನುತ್ತದೆ, ಮುಚ್ಚುತ್ತದೆ.

ಈಗ ಆ ಗಾಳಿಯ ಲೆಕ್ಕ. ನನಗೆ ಹಾಪ್ಸ್ ತುಂಬಿದ ಇಂಡಿಯಾ ಪೇಲ್ ಏಲ್ ಇಷ್ಟವಿತ್ತು, ಕಿಟ್ ಕೊಂಡದ್ದೇ ಅದಕ್ಕೆ. ಈ ಬಕೆಟ್ಟಿಗೆ ಅದು ಒಗ್ಗಲಿಲ್ಲ. ಹಾಪ್ಸಿನ ಘಮ ಆಮ್ಲಜನಕಕ್ಕೆ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಸೋರುವ ಮುಚ್ಚಳ, ಗಾಳಿಯನ್ನು ನಿಧಾನವಾಗಿ ಒಳಬಿಡುವ ಪ್ಲಾಸ್ಟಿಕ್ ಗೋಡೆ, ತೆರೆದ ಬಾಟಲಿಗೆ ಸುರಿಯುವ ಕ್ರಮ, ಮೂರೂ ಸೇರಿದ ಮೇಲೆ ಹಣ್ಣಿನ ಪರಿಮಳದ ಹೊಂಬಣ್ಣದ ಬಿಯರ್ ಕೆಲವೇ ವಾರಗಳಲ್ಲಿ ಕಂದಾಗಿ, ಒದ್ದೆ ರಟ್ಟಿನ ರುಚಿಗೆ ಬರುತ್ತದೆ. ಲಾಗರ್ ಅದಕ್ಕೂ ಕಷ್ಟ. ಅದರ ಯೀಸ್ಟಿಗೆ 10 ಡಿಗ್ರಿಯ ಆಸುಪಾಸಿನ ತಂಪು ಬೇಕು, ಅಷ್ಟು ದೊಡ್ಡ ಬಕೆಟ್ಟಿಗೆ ಪ್ರತ್ಯೇಕ ಫ್ರಿಜ್ ಕೊಳ್ಳುವ ಯೋಗ್ಯತೆ ನನ್ನ ಜೇಬಿಗಿಲ್ಲ. ಬಕೆಟ್ಟನ್ನು ನೀರು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿ, 18ರಿಂದ 20 ಡಿಗ್ರಿಯಲ್ಲಿ ಹಿಡಿದಿಡುವಷ್ಟು ನನ್ನಿಂದಾಗುತ್ತದೆ. ಹುದುಗುವ ಬಿಯರ್ ತಾನೇ ಶಾಖ ಹುಟ್ಟಿಸುವುದರಿಂದ ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಉಳಿದದ್ದೇನು? ಬಕೆಟ್ಟಿನ ದೋಷ ಯಾವುದಕ್ಕೆ ತಟ್ಟುವುದಿಲ್ಲವೋ ಅದು. ಇದರಲ್ಲಿ ಅವಮಾನವೇನಿಲ್ಲ. ಹೆಸರಾಂತ ಬಿಯರ್‌ಗಳು ಹುಟ್ಟಿದ್ದೂ ಹೀಗೆಯೇ. ಐರ್ಲೆಂಡಿನ ಡಬ್ಲಿನ್ನಿನ ನೀರಿನಲ್ಲಿ ಕ್ಷಾರ ಗುಣದ ಬೈಕಾರ್ಬೊನೇಟ್ ಹೆಚ್ಚು. ಹುರಿದು ಕಪ್ಪಾದ ಧಾನ್ಯದ ಆಮ್ಲತೆ ಅದನ್ನು ಸರಿತೂಗಿಸಿದ್ದರಿಂದ ಅಲ್ಲಿ ಕಪ್ಪು ಬಿಯರ್ ಸ್ಟೌಟ್ ಕುದುರಿತು. ಇಂಗ್ಲೆಂಡಿನ ಬರ್ಟನ್ನಿನ ಬಾವಿಗಳ ಜಿಪ್ಸಂ ಹಾಪ್ಸಿನ ಕಹಿಯನ್ನು ಚುರುಕುಗೊಳಿಸಿದ್ದರಿಂದ ಪೇಲ್ ಏಲ್ ಅಲ್ಲಿನದಾಯಿತು. ಈಗಿನ ಚೆಕ್ ದೇಶದ ಪಿಲ್ಸೆನ್ನಿನಲ್ಲಿ 1842ರಲ್ಲಿ ಬಿಯರ್ ತಯಾರಕ ಯೋಸೆಫ್ ಗ್ರೋಲ್ ತೆಳುಹೊಂಬಣ್ಣದ ಲಾಗರ್ ಮಾಡಿದಾಗ ಅಲ್ಲಿನ ಮೃದುವಾದ ನೀರು ಕೈಹಿಡಿಯಿತು. ಅವರಿಗೆ ನೀರು ಆರಿಸಿಕೊಟ್ಟಿತು, ನನಗೆ ಬಕೆಟ್ಟು.

ನನ್ನ ಪಾಲಿಗೆ ಬಂದದ್ದು ಮೂರು. ಒಂದು, ಸ್ಟೌಟ್: ಹತ್ತನೇ ಒಂದು ಪಾಲಿನಷ್ಟು ಹುರಿದ ಬಾರ್ಲಿ ಸೇರಿಸಿದರೆ ಸಣ್ಣಪುಟ್ಟ ಕುಂದುಗಳು ಅದರ ಕಪ್ಪಿನಲ್ಲಿ ಮುಚ್ಚಿಹೋಗುತ್ತವೆ. ಎರಡು, ನಾಲ್ಕು ಶೇಕಡಾ ಮದ್ಯಸಾರದ ಇಂಗ್ಲಿಷ್ ಬಿಟರ್: ಪರಿಮಳದ ಅಬ್ಬರವಿಲ್ಲದ್ದು, ಬೇಗ ಮಾಗುವಂಥದ್ದು, ಕೆಡುವ ಮೊದಲೇ ಖಾಲಿಯಾಗುವಂಥದ್ದು. ಮೂರನೆಯದು ನನ್ನ ಮೆಚ್ಚಿನದು, ಗೋಧಿ ಮಾಲ್ಟಿನ ಹೆಫೆವೈಸನ್. ಅರ್ಧಕ್ಕಿಂತ ಹೆಚ್ಚು ಗೋಧಿ, ಕಡಿಮೆ ಹಾಪ್ಸ್, ರುಚಿಯ ಭಾರವೆಲ್ಲ ಯೀಸ್ಟಿನ ಮೇಲೆ. 18 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಲವಂಗ ಮುಂದೆ ಬರುತ್ತದೆ, ನಾಲ್ಕು ಡಿಗ್ರಿ ಏರಿಸಿದರೆ ಬಾಳೆಹಣ್ಣು. ಅದೇ ಮಾಲ್ಟು, ಅದೇ ಯೀಸ್ಟು, ಟಬ್ಬಿನ ನೀರು ಮಾತ್ರ ಬೇರೆ. ಕದಡಿದಂತಿರುವುದೇ ಅದರ ಲಕ್ಷಣವಾದ್ದರಿಂದ ತಿಳಿಯಾಗಲಿ ಎಂದು ಕಾಯಬೇಕಾಗಿಲ್ಲ. ತಾಜಾ ಇರುವಾಗಲೇ ಕುಡಿಯಬೇಕಾದ್ದರಿಂದ ಆಮ್ಲಜನಕಕ್ಕೆ ಕೆಲಸ ಮಾಡಲು ಪುರಸೊತ್ತೂ ಸಿಗುವುದಿಲ್ಲ. ಎರಡು ಎಚ್ಚರಿಕೆ: ನೊರೆ ಭರ್ಜರಿಯಾಗಿ ಏರುವುದರಿಂದ 25 ಲೀಟರಿನ ಬಕೆಟ್ಟಿಗೆ 20ಕ್ಕಿಂತ ಹೆಚ್ಚು ತುಂಬಬೇಡಿ. ಅನಿಲವೂ ಹೆಚ್ಚು ಬೇಕಾದ ಬಿಯರ್ ಇದು, ಹಾಗಾಗಿ ದಪ್ಪ ಗಾಜಿನ ಕಂದು ಬಾಟಲಿಗಳನ್ನೇ ಬಳಸಿ.

ಕೊಳ್ಳಬೇಕೇ? ಹಾಪ್ಸಿನ ಘಮಕ್ಕಾಗಿಯೇ ಈ ಹವ್ಯಾಸಕ್ಕೆ ಬರುವವರು ಸ್ವಲ್ಪ ಕಾದು, ದುಡ್ಡು ಕೂಡಿಸಿ, ಗಾಳಿಯಾಡದಂತೆ ಮುಚ್ಚಿಕೊಳ್ಳುವ ಒತ್ತಡದ ಪಾತ್ರೆ ಕೊಳ್ಳುವುದು ಮೇಲು. ಉಳಿದವರಿಗೆ ಇದು ಸಾಕು. ನಿಮ್ಮಲ್ಲಿ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಸೂಚನೆಯ ಹಾಳೆಗೆ ಸಲ್ಲುತ್ತದೆ, ಅರ್ಧ ಮುಚ್ಚಳಕ್ಕೆ. ನಲ್ಲಿಯ ಜಗಳ ರಾಜಿಯಾಗಿದೆ.

ಬಕೆಟ್ಟಿನ ಒಳಮೈಯಲ್ಲಿ ಈಗ ಗೀರುಗಳು ಬಿದ್ದಿವೆ. ಸಾಮಾನ್ಯ ಬಿಯರಿಗೆ ಹೊಸದೊಂದನ್ನು ತರಿಸಿದ್ದೇನೆ. ಹಳೆಯದನ್ನು ಬೇಕೆಂದೇ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಹಾಕಿ ಮಾಡುವ ಹುಳಿ ಬಿಯರಿಗೆ ಮೀಸಲಿಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ‘ಹುಳಿ’ ಎಂದು ಬರೆದಿದ್ದೇನೆ. ಅದರ ನಲ್ಲಿ, ಕೊಳವೆ, ಕೋಲು ಯಾವುದೂ ಹೊಸದರ ಹತ್ತಿರ ಹೋಗುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಕಪಾಟು.